ನಾನೂರ ಹದಿಮೂರನೆಯ ಕಾರ್ಡು

"ಅಲ್ರಿ ಚಂದ್ರಪ್ಪ, ನೀವು ಪುಣೇಕ್ಕ ಹೋದ್ರ ಈ ನಕಾಶಕ್ಕ ಗುಂಡುಪಿನ್ನು ಚುಚ್ಚೋರು ಯಾರು?" ಎಂದು ಪ್ರೊಫೆಸರ್ ಸಾಹೇಬರು ನಕ್ಕರು. ಪಕ್ಕದಲ್ಲಿದ್ದ ಗುದ್ಲೆಪ್ಪ ನಕ್ಕ, ಚಹಾ ತಂದಿದ್ದ ಬಂದೇಸಾಬನೂ ನಕ್ಕ. ಎಲ್ಲರೂ ನಕ್ಕ ಮೇಲೆ ತಾನೊಬ್ಬ ಬಿಟ್ಟರೆ ಹೇಗೆ ಎಂದು ಚಂದ್ರಪ್ಪನೂ ಹಲ್ಲು ಕಿರಿದ. ಆದರೆ ರಾಶಿ ಮಾಡುವಾಗ ಮೈಮೇಲೆ ಬಿದ್ದ ಜೋಳದ ಸುಂಕಿನ ಹಾಗೆ ಆ ನಗು ಅವನ ಮೈಯನ್ನೆಲ್ಲ ರಾತ್ರಿಯವರೆಗೂ ತುರಿಸುತ್ತಲೇ ಇತ್ತು.

ವಿಶ್ವವಿದ್ಯಾಲಯದವರು ರಸ್ತೆ ಸುರಕ್ಷತೆ ಮತ್ತು ಗಾಯ ತಡೆಯ ಸಂಶೋಧನೆಗೆಂದು ಒಂದು ಕೇಂದ್ರ ತೆರೆದು, ಅದರ ಕಚೇರಿಯನ್ನು ಶಿಗ್ಗಾವಿಯ ಹೆದ್ದಾರಿ ಬದಿಯ ಒಂದು ಬಾಡಿಗೆ ಕೋಣೆಯಲ್ಲಿ ಇಟ್ಟಿದ್ದರು. ಅದು ಅರವತ್ತಾರನೆಯ ಇಸವಿ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನ ರಸ್ತೆಗಳಲ್ಲಿ ಯಾರಿಗೆ ಪೆಟ್ಟಾದರೂ ಒಂದು ಕಾರ್ಡು ಬರೆಯಬೇಕು. ಹೆಸರು, ಊರು, ವಾರ, ವೇಳೆ, ವಾಹನ, ಗಾಯ. ಒಂದು ಕಾರ್ಡಿಗೆ ಗೋಡೆಯ ನಕಾಶದಲ್ಲಿ ಒಂದು ಪಿನ್ನು. ನಾಲ್ಕು ವರ್ಷದಲ್ಲಿ ನಾನೂರ ಹನ್ನೆರಡು ಪಿನ್ನು ಚುಚ್ಚಿದವನು ಚಂದ್ರಪ್ಪ. ಹುಬ್ಬಳ್ಳಿಯ ಗಿರಣಿ ಚಾಳಿನಲ್ಲಿ ಹುಟ್ಟಿ ಬೆಳೆದ ಅವನು ಈ ಸೀಮೆಯ ಒಂದೊಂದು ತಿರುವನ್ನೂ ಕುರ್ಚಿಯ ಮೇಲಿಂದಲೇ ಬಲ್ಲವನಾಗಿದ್ದ.

ಗುದ್ಲೆಪ್ಪ ಬಂದದ್ದು ಹೋದ ವರ್ಷ. ಆಡೂರಿನ ಒಕ್ಕಲಿಗರ ಹುಡುಗ, ಮೆಟ್ರಿಕ್ ಕೂಡ ಎರಡನೆಯ ಸಲಕ್ಕೆ ಪಾಸಾದವನು. ಗಾಯಗೊಂಡವರ ಮನೆಗೆ ಹೋಗಿ, ರೊಟ್ಟಿ ತಿಂದು, ಅವರ ಕಷ್ಟಸುಖವನ್ನೆಲ್ಲ ಕಾರ್ಡಿನ ಹಿಂಬದಿಗೆ ಬರೆದುಕೊಂಡು ಬರುತ್ತಿದ್ದ. ಹುಲಗೂರಿನ ಹುಚ್ಚವ್ವನ ಕಾಲು ಮುರಿದದ್ದು ಲಾರಿಯ ತಪ್ಪಿನಿಂದಲ್ಲ, ಬುಟ್ಟಿಯಿಂದ ಜಿಗಿದ ಕೋಳಿಯ ಹಿಂದೆ ಓಡಿದ್ದರಿಂದ ಎಂದು ಅವನು ಬರೆದದ್ದನ್ನು ಸಾಹೇಬರು ಮೂರು ಸಲ ಓದಿಸಿ ಕೇಳಿದರು. ಚಂದ್ರಪ್ಪ ಪಟ್ಟಿಯಿಟ್ಟು ಗೆರೆ ಎಳೆದಿದ್ದ ಮುಂಬದಿಯನ್ನು ಯಾರೂ ತಿರುಗಿಸಿ ನೋಡಲಿಲ್ಲ. ಬಂದೇಸಾಬ ಕೂಡ ಕೆನೆಯನ್ನು ಗುದ್ಲೆಪ್ಪನ ಕಪ್ಪಿಗೇ ಹಾಕುತ್ತಿದ್ದ. ಚಂದ್ರಪ್ಪ ದಿನಾ ನೋಡುತ್ತಿದ್ದ.

ಈಗ ಪುಣೆಯ ಸಭೆಯಲ್ಲಿ ವರದಿ ಓದುವವನು ಗುದ್ಲೆಪ್ಪ. ಓದಿ ಬಂದವನಿಗೇ ಕೇಂದ್ರದ ಕಾಯಂ ನೌಕರಿ. ವರದಿಯ ಮೊದಲ ಪುಟದಲ್ಲಿ ಸಾಹೇಬರ ಹೆಸರಿನ ಕೆಳಗೆ ಅವನ ಹೆಸರು. ಚಂದ್ರಪ್ಪನ ಹೆಸರು ಕೊನೆಯ ಪುಟದಲ್ಲಿತ್ತು, ಉಪಕಾರ ಸ್ಮರಣೆಯಲ್ಲಿ, ಕೋಣೆಯ ಮಾಲೀಕ ಮತ್ತು ನೀರು ತರುವವಳ ನಂತರ.

ಒಬ್ಬನನ್ನು ರಸ್ತೆಯಲ್ಲಿ ಕೊಲ್ಲುವುದು ಹೇಗೆ ಎಂಬುದನ್ನು ಈ ಜಿಲ್ಲೆಯಲ್ಲಿ ತನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವನು ಕಾರ್ಡುಗಳನ್ನು ಹರವಿಕೊಂಡು ಕುಳಿತ. ಲಾರಿ ಬೇಡ, ಅದಕ್ಕೆ ನಂಬರಿರುತ್ತದೆ, ಪೊಲೀಸರು ಹುಡುಕುತ್ತಾರೆ. ಎತ್ತಿನ ಗಾಡಿಗೆ ನಂಬರಿಲ್ಲ, ಲೈಸೆನ್ಸಿಲ್ಲ, ಸಾವಿರ ಗಾಡಿಗೂ ಒಂದೇ ಮುಖ. ಗಾಲಿಯ ನಡುವಿನ ಗುಂಬ ತಾಗಿ ಸೈಕಲ್ಲಿನವರು ಉರುಳಿದ ಮೂವತ್ತೊಂದು ಕಾರ್ಡುಗಳಿದ್ದವು. ಎಲ್ಲದರಲ್ಲೂ ಅದೇ ಗುರುತು, ಬಟ್ಟೆಗೆ ಹತ್ತಿದ ಕರಿ ಕೀಲೆಣ್ಣೆ.

ಜಾಗವನ್ನೂ ಕಾರ್ಡುಗಳೇ ತೋರಿಸಿದವು. ಗುದ್ಲೆಪ್ಪ ಪ್ರತಿ ಸೋಮವಾರ ಹಿರೇಕೆರೂರಿನಿಂದ ರಟ್ಟೀಹಳ್ಳಿಗೆ ಸೈಕಲ್ ಮೇಲೆ ಹೋಗುತ್ತಿದ್ದ. ಆ ರಸ್ತೆಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅಲ್ಲಿ ವಾರದ ಮಿಕ್ಕ ದಿನಗಳ ಕಾಲಮ್ಮುಗಳಲ್ಲಿ ಹತ್ತೋ ಹನ್ನೆರಡೋ ಅಪಘಾತಗಳಿದ್ದರೆ ಸೋಮವಾರದ ಕಾಲಮ್ಮಿನಲ್ಲಿ ಸೊನ್ನೆ. ನಾಲ್ಕು ವರ್ಷದಲ್ಲಿ ಒಂದೂ ಇಲ್ಲ. ಚಂದ್ರಪ್ಪನಿಗೆ ಅದರ ಅರ್ಥ ಹೊಳೆಯದೇ ಇರಲಿಲ್ಲ: ಅವರ ಚಾಳಿನ ಗಿರಣಿ ಜನ ಆದಿತ್ಯವಾರದ ಸುಸ್ತಿಗೆ ಸೋಮವಾರ ಹೊರಳಾಡಿ ಏಳುವಂತೆ ಹಳ್ಳಿಯವರೂ ಏಳುತ್ತಾರೆ, ಅಷ್ಟೆ. ಎರಡು ಸೋಮವಾರ ತಾನೇ ಹೋಗಿ ಇಳಿಜಾರಿನ ಮೋರಿಯ ಹತ್ತಿರ ಪೊದೆಯ ಮರೆಯಲ್ಲಿ ಕುಳಿತು ಪರೀಕ್ಷೆ ಮಾಡಿದ. ಬೆಳಗಿನ ಬಸ್ಸು, ಗುದ್ಲೆಪ್ಪನ ಸೈಕಲ್ಲು ಬಿಟ್ಟರೆ ಮಧ್ಯಾಹ್ನದ ತನಕ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಲೆಕ್ಕ ಸುಳ್ಳಾಡುವುದಿಲ್ಲ ಎಂದುಕೊಂಡು ಖುಷಿಯಾಗಿ ಮರಳಿದ.

ಮೂರನೆಯ ಸೋಮವಾರ ಹಿರೇಕೆರೂರಿನ ದವಾಖಾನೆಯಲ್ಲಿ ಬೆಳಿಗ್ಗೆ ರಜಿಸ್ಟರ್ ನೋಡಿ ಸಹಿ ಹಾಕಿದ. ಬಾಡಿಗೆ ಸೈಕಲ್ ಹತ್ತಿ ಮೋರಿಗೆ ಬಂದ. ಕೈಚೀಲದಲ್ಲಿ ಅಳತೆಯ ಟೇಪು, ಒಂದು ಕಬ್ಬಿಣದ ಸಲಾಕೆ, ಸವಣೂರಿನಿಂದ ತಂದ ಒಂದು ಡಬ್ಬಿ ಕೀಲೆಣ್ಣೆ.

ಅವನನ್ನು ಕಂಡು ಗುದ್ಲೆಪ್ಪ ಸೈಕಲ್ಲಿನಿಂದ ಇಳಿದೇ ಬಿಟ್ಟ. "ಚಂದ್ರಪ್ಪಣ್ಣ, ಕಡೀಗೂ ಕುರ್ಚಿ ಬಿಟ್ಟು ಹೊರಗ ಬಂದ್ರಲ್ಲಾ. ಭಾಳ ಚೊಲೋ ಆತು ನೋಡ್ರಿ."

ಅವನ ಮುಖದಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಸಂತೋಷಪಟ್ಟಿದ್ದ. ಅದೇ ಚಂದ್ರಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ತಿರುವಿನ ಅಗಲ ಅಳೆಯಬೇಕು, ಟೇಪಿನ ತುದಿಯನ್ನು ಮೋರಿಗೆ ಒತ್ತಿ ಹಿಡಿ ಎಂದ. ಗುದ್ಲೆಪ್ಪ ಬಗ್ಗಿ ಹಿಡಿದ. ಆಮೇಲೆ ಏಳಲಿಲ್ಲ.

ಸೈಕಲ್ಲಿನ ಗಾಲಿಯನ್ನು ಪಕ್ಕದಿಂದ ಬಗ್ಗಿಸಿ, ಗುಂಬದ ಎತ್ತರ ಲೆಕ್ಕ ಹಾಕಿ ಅಂಗಿಯ ಹೆಗಲಿಗೆ ಕೀಲೆಣ್ಣೆ ಒರೆಸಿ, ಸಲಾಕೆ ಡಬ್ಬಿಗಳನ್ನು ದಾರಿಯ ಒಂದು ಹಾಳು ಬಾವಿಗೆ ಎಸೆದು, ಎರಡು ಗಂಟೆಗೆ ಅವನು ಮತ್ತೆ ದವಾಖಾನೆಯ ರಜಿಸ್ಟರಿನ ಮುಂದೆ ಕುಳಿತಿದ್ದ.

ಸಂಜೆಯ ಬಸ್ಸಿನವರು ಹೆಣ ಕಂಡು ಠಾಣೆಗೆ ತಿಳಿಸಿದರು. ಸತ್ತವನು ಕೇಂದ್ರದವನೆಂದು ತಿಳಿದ ಫೌಜದಾರರು ದವಾಖಾನೆಯಲ್ಲಿದ್ದ ಚಂದ್ರಪ್ಪನನ್ನೂ ಜೀಪಿನಲ್ಲಿ ಕರೆದುಕೊಂಡು ಬಂದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಪಂಚನಾಮೆಗೆ ಸಾಕ್ಷಿಯಾಗಲೆಂದು ಹತ್ತಿರದ ಹಳ್ಳಿಯ ಮುದುಕ ಉಳಿವೆಪ್ಪನನ್ನು ಕರೆಸಿದ್ದರು. ಚಂದ್ರಪ್ಪ ಅತ್ತ. ಅಳು ಸುಲಭವಾಗಿಯೇ ಬಂತು.

ಫೌಜದಾರರು ಸುತ್ತ ಒಮ್ಮೆ ನೋಡಿ, ಸೈಕಲ್ ಜಾರಿ ಬಿದ್ದು ತಲೆಗೆ ಮೋರಿಯ ಕಲ್ಲು ಬಡಿದಿದೆ, ಹಾಗೆಂದು ಬರೆದು ಮುಗಿಸೋಣ ಎಂದರು. ಚಂದ್ರಪ್ಪ ಸುಮ್ಮನಿರಬಹುದಿತ್ತು. ಆದರೆ ಅಷ್ಟು ಲೆಕ್ಕ ಹಾಕಿ ಮಾಡಿದ ಕೆಲಸವನ್ನು ಒಬ್ಬ ಫೌಜದಾರ ಜಾರಿ ಬಿದ್ದದ್ದು ಅಂದರೆ ತಡೆದುಕೊಳ್ಳುವುದು ಹೇಗೆ? ಅವನು ಕಣ್ಣೊರೆಸಿಕೊಂಡು ಮುಂದೆ ಬಂದ.

"ಹಂಗಲ್ರಿ ಸಾಹೇಬ್ರ. ಹೆಗಲ ಮ್ಯಾಲಿನ ಈ ಕರಿ ನೋಡ್ರಿ, ಕೀಲೆಣ್ಣಿ. ಗಾಡಿ ಗುಂಬ ಬಡದೈತಿ."

ಬಗ್ಗಿದ ಗಾಲಿಯನ್ನು ತೋರಿಸಿದ, ಮೂವತ್ತೊಂದು ಕಾರ್ಡುಗಳ ಮಾತು ಹೇಳಿದ. ಫೌಜದಾರರು ತಲೆದೂಗಿ, ಕಲಿತವರ ಕಣ್ಣೇ ಬೇರೆ, ಇದನ್ನೆಲ್ಲ ನೀವೇ ಬರೆದು ಸಹಿ ಮಾಡಿರಿ ಎಂದರು. ಒಂದು ವರ್ಷದಿಂದ ಯಾರೂ ಅವನಿಗೆ ಅಂಥ ಮಾತು ಆಡಿರಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಹೊಸ ಕಾರ್ಡು ಇಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ತುಂಬಿದ. ನಂಬರು ನಾನೂರ ಹದಿಮೂರು. ವಾರ ಸೋಮವಾರ. ವೇಳೆ ಮಧ್ಯಾಹ್ನ. ವಾಹನ ಎತ್ತಿನ ಗಾಡಿ, ಹೊಡೆದವನು ಓಡಿಹೋಗಿದ್ದಾನೆ. ಕೆಳಗೆ ಉದ್ದನೆಯ ಸಹಿ.

ಫೌಜದಾರರು ಅದನ್ನು ಗಟ್ಟಿಯಾಗಿ ಓದಿ, ಶಾಯಿಯ ಪ್ಯಾಡನ್ನು ಉಳಿವೆಪ್ಪನ ಮುಂದೆ ಹಿಡಿದರು. ಮುದುಕ ಕೈ ಹಿಂದಕ್ಕೆ ತೆಗೆದುಕೊಂಡ.

"ಇದಕ್ಕ ಹೆಬ್ಬಟ್ಟು ಒತ್ತಾಕ ಬರಂಗಿಲ್ರಿ ನನಗ."

"ಯಾಕೋ ಯಜಮಾನಾ?"

"ಸೋಮಾರ ಬಸವಣ್ಣನ ವಾರ ಐತ್ರಿ. ನಮ್ಮ ಸೀಮ್ಯಾಗ ಅವತ್ತು ಯಾರೂ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಎಲ್ಲಾ ಎತ್ತು ಗ್ವಾದಲ್ಯಾಗ ನಿಂತಾವ, ಬೇಕಾದ್ರ ಬಂದು ಎಣಿಸ್ರಿ." ಮುದುಕ ಹೆಣದ ಹೆಗಲನ್ನೊಮ್ಮೆ ನೋಡಿದ. "ಗಾಡಿನ ಬಂದಿಲ್ಲಂದ್ರ ಕೀಲೆಣ್ಣಿ ತಾನಾಗೇ ನಡಕೋತ ಬಂತೇನ್ರಿ?"

ಫೌಜದಾರರು ಪ್ಯಾಡಿನ ಮುಚ್ಚಳ ಹಾಕಿದರು. ಚಂದ್ರಪ್ಪನನ್ನು ನೋಡಿದರು. ಆಮೇಲೆ ಕಾರ್ಡನ್ನು ಬಾಯಿಯ ಹತ್ತಿರ ತಂದು, ಸಹಿಯ ಮಸಿ ಇನ್ನೂ ಹಸಿಯಾಗಿದ್ದಲ್ಲಿ, ಆರಲೆಂದು ಮೆಲ್ಲಗೆ ಊದಿದರು.