ಗೋದಿಗೆ ಹೊರಟ ಬೆಳ್ಳಿ ಮೊಳೆ

“ಇನ್ನೊಂದು ಹೆಜ್ಜಿ ಇಟ್ಟಿ ಅಂದ್ರ ಇದನ್ನ ನಿನ್ನ ಬೂಟಿನ ಮ್ಯಾಲ ಸುರೀತೀನಿ!”

ಶ್ರೀಮಂತ ಅಂತ ಅವನ ಹೆಸರು. ಇಕ್ಕಳದಲ್ಲಿ ಹಿಡಿದ ಮೂಸೆಯಲ್ಲಿ ಕರಗಿದ ಬೆಳ್ಳಿ ಕುದಿಯುತ್ತಿತ್ತು. ಧಾರಾವಿಯ ಗಲ್ಲಿ. ಹಿಂದೆ ಗೋಡೆ, ಮುಂದೆ ಅವನು.

ನನ್ನ ಬೂಟು ಹೊಸದು ಸ್ವಾಮಿ!

“ಕದ್ದ ಮೊಳೆ ಎಲ್ಲಿ?” ಎಂದೆ. ದನಿ ಗಟ್ಟಿಯಾಗಿಯೇ ಬಂತು. ಬೂಟನ್ನು ಮಾತ್ರ ಗೋಡೆಯತ್ತ ಸರಿಸಿಕೊಂಡೆ.

“ಯಾವ ಮೊಳಿ? ಇದು ನನ್ನ ಹೇಣ್ತಿ ಕಾಲ್ಗೆಜ್ಜಿ! ಡಿಸೈನ್ ಹಳೇದಾತಂತ!”

ಅವನ ಹಿಂದೆ ನಿಂತಿದ್ದ ಹೆಂಡತಿ ಬರಿಗಾಲು ತೋರಿಸಿದಳು. ಛೇ... ರಾಂಗ್ ನಂಬರ್!

ಕೇಸು ಹೇಳಿಬಿಡುತ್ತೇನೆ. ನಾನು ಸುಹಾಸ. ಚೆಂಬೂರಿನಲ್ಲಿ ಒಂದು ಟೇಬಲ್ಲು, ಒಂದು ಫ್ಯಾನು, ‘ಡಿಟೆಕ್ಟಿವ್’ ಅಂತ ಬೋರ್ಡು. ಬೆಳಿಗ್ಗೆ ದಾನಪ್ಪನ ಫೋನು. ನೌಕಾ ಹಡಗುಕಟ್ಟೆಯ ವೆಲ್ಡರ್. ಇನ್ನೇನು ರಿಟೈರ್ ಆಗುವವನು.

“ನನ್ನ ಮಾನ ಹೋಗತೈತ್ರಿ ಸರ್! ಮೊಳಿ ಇಲ್ರಿ!”

ಎಂಥ ಮೊಳೆ ಗೊತ್ತೇ? ಹಿಂದೆ ಮುಂಬೈಯಲ್ಲಿ ತೇಗದ ಹಡಗು ಕಟ್ಟುವಾಗ ಪಾರಸಿ ಮೇಸ್ತ್ರಿಗಳು ತಳದ ತೊಲೆಗೆ ಬೆಳ್ಳಿ ಮೊಳೆ ಹೊಡೆಯುತ್ತಿದ್ದರು. ಬ್ರಿಟಿಷರ ನೌಕಾಪಡೆಗೂ ಇಲ್ಲಿನ ಹಡಗುಗಳೇ ಬೇಕಿತ್ತು! ಈಗ ಉಕ್ಕು, ರೇಡಾರ್, ಮಿಸೈಲು... ಆದರೂ ಹೊಸ ಯುದ್ಧನೌಕೆಗೆ ಶಾಸ್ತ್ರಕ್ಕೊಂದು ಮೊಳೆ ಇರಲಿ ಎಂದು ಸಾಹೇಬರು ಒಪ್ಪಿದ್ದರು. ಅದನ್ನು ಇಡುವ ಮರ್ಯಾದೆ ದಾನಪ್ಪನಿಗೆ. ಪೂಜೆಗೆಂದು ಮನೆಗೆ ತಂದಿದ್ದ. ಬೆಳಗೆದ್ದು ನೋಡಿದರೆ ದೇವರ ಮುಂದಿನ ಬಟ್ಟಲು ಖಾಲಿ! ಮುಹೂರ್ತ ಮಧ್ಯಾಹ್ನ. ಮೊಳೆ ಸಿಗದಿದ್ದರೆ ಕಳ್ಳನೆಂಬ ಹೆಸರು ಹೊತ್ತೇ ಮನೆಗೆ ಹೋಗಬೇಕು.

“ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ,” ಎಂದು ಬೇಡಿಕೊಂಡು ಡ್ಯೂಟಿಗೆ ಹೋಗಿದ್ದ.

ನಿನ್ನೆ ಮನೆಗೆ ಬಂದಿದ್ದ ಹೊರಗಿನವನು ಶ್ರೀಮಂತ ಒಬ್ಬನೇ. ಕಸುಬು ಬೆಳ್ಳಿ ಕರಗಿಸುವುದು. ಅನುಮಾನಕ್ಕೆ ಇನ್ನೇನು ಬೇಕು?

“ನನ್ನ ಕಳ್ಳ ಅಂತೀ?” ಇತ್ತ ಗಲ್ಲಿಯಲ್ಲಿ ಶ್ರೀಮಂತ ಇಕ್ಕಳ ಕೆಳಗಿಟ್ಟು ರಾಡ್ ಎತ್ತಿದ.

ಅವನ ಪಕ್ಕದಿಂದ ನುಸುಳಿ ಓಡಿದೆ! ತೊಗಲಿನ ರಾಶಿ ಹಾರಿದೆ. ಯಾರದೋ ಬಕೆಟ್ ಉರುಳಿಸಿದೆ. ಟ್ಯಾಕ್ಸಿ ಸಿಕ್ಕಿತು. ಸೀದಾ ಕುರ್ಲಾ, ದಾನಪ್ಪನ ಚಾಳಿನ ಮನೆ.

ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು ಚಂದ್ರವ್ವ. ದಾನಪ್ಪನ ಅಕ್ಕ. ಹೋದ ವಾರವಷ್ಟೇ ವಿಜಯಪುರದಿಂದ ಬಂದವಳು. ಇನ್ನು ಗುಟ್ಟು ಕಟ್ಟಿಕೊಂಡು ಏನು ಮಾಡಲಿ? ಕೇಳಿಯೇಬಿಟ್ಟೆ.

“ಅಮ್ಮಾ, ಬೆಳ್ಳಿ ಮೊಳೆ ಕಂಡ್ರಾ?”

“ಅದಾ? ಗೋದ್ಯಾಗ ಐತಲ್ಲ!”

ಮುಂಬೈಯಲ್ಲಿ ಗೋದಿ ಎಂದರೆ ಹಡಗುಕಟ್ಟೆ.

“ಡಾಕಿಗೆ ಹೋಯ್ತಾ? ಯಾರು ತಗೊಂಡು ಹೋದ್ರು ಮಾರಾಯ್ರೆ?”

“ಯಾರ್ ಒಯ್ತಾರ? ‘ಮೊಳಿ ಗೋದ್ಯಾಗ ಇಡೂದೈತಿ’ ಅಂತ ತಮ್ಮ ರಾತ್ರಿ ಅಂದ. ಮುಂಜಾನೆದ್ದು ನಾನ ಇಟ್ಟೀನಿ. ಗೋದಿ ಡಬ್ಬ್ಯಾಗ!”

ಚಪಾತಿಯ ಗೋದಿ!

ಹೊಟ್ಟೆ ಹಿಡಿದುಕೊಂಡು ನಕ್ಕೆ. ಡಬ್ಬದ ಮುಚ್ಚಳ ತೆಗೆದೆ... ನಗು ನಿಂತಿತು.

ಖಾಲಿ!

“ಅಯ್ಯ... ತಮ್ಮನ ಸೊಸಿ ಮಾಧುರಿ ಗಿರಣಿಗೆ ಒಯ್ದಾಳ ನೋಡು!”

ಮತ್ತೆ ಓಟ! ಗಿರಣಿ ಗುಡುಗುತ್ತಿತ್ತು. ಮಾಲೀಕ ಬಸು ಮಾಧುರಿಯ ಗೋದಿಯನ್ನು ಆಗಲೇ ಗಿರಣಿಯ ಬಾಯಿಗೆ ಸುರಿದಿದ್ದ.

“ಬಂದ್ ಕರ್! ಬಂದ್ ಕರ್!”

“ಕೋನ್ ಹೈ ತೂ?”

ಉತ್ತರ ಹೇಳುತ್ತ ನಿಲ್ಲುವ ಹೊತ್ತೇ ಅದು? ಸ್ವಿಚ್ಚಿಗೆ ಹಾರಿದೆ. ಕಲ್ಲು ಗೊಣಗುತ್ತ ನಿಂತಿತು. ಗೋದಿಯೊಳಗೆ ಕೈ ಹಾಕಿದೆ. ತಳದಲ್ಲಿ... ತಣ್ಣಗೆ... ಚೂಪಾಗಿ...

ಸಿಕ್ಕಿತು! ಬಸುವನ್ನು ಅಪ್ಪಿಕೊಂಡೆ. ಅವನು ಬೈದ. ಮಾಧುರಿ ನಕ್ಕಳು.

ಹಾರ್ಬರ್ ಲೈನ್ ಲೋಕಲ್. ಡಾಕ್‌ಯಾರ್ಡ್ ರೋಡ್ ಸ್ಟೇಷನ್. ಗೇಟಿನಲ್ಲಿ ದಾನಪ್ಪ, ಮುಖದಲ್ಲಿ ರಕ್ತವಿಲ್ಲ. ಮೊಳೆ ಕಂಡದ್ದೇ ಕಣ್ಣು ತುಂಬಿತು.

“ಬೆಳ್ಳಗ ಏನೋ ಹತ್ತೇತಲ್ರಿ ಇದಕ್ಕ?”

“ನಿಮ್ಮ ಅಕ್ಕನ ಪ್ರಸಾದ. ಒರೆಸಬೇಡಿ, ಓಡಿ!”

ಓಡಿದ. ಆ ವಯಸ್ಸಿನಲ್ಲಿ ಆ ಓಟ! ಆಮೇಲೆ ಒಳಗಿನಿಂದ ಚಪ್ಪಾಳೆ ಕೇಳಿಸಿತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ನಾಳೆ ಆ ಯುದ್ಧನೌಕೆ ಕಡಲಿಗಿಳಿದರೆ ಶತ್ರುಗಳು ಅದರ ತೋಪು ಎಣಿಸಲಿ, ಮಿಸೈಲು ಎಣಿಸಲಿ... ತಳದಲ್ಲಿರುವ ಚಿಟಿಕೆ ಚಪಾತಿ ಹಿಟ್ಟು ಮಾತ್ರ ಯಾವ ರೇಡಾರಿಗೂ ಸಿಗುವುದಿಲ್ಲ!