ಎಡಗಡೆಯ ಮುಂದಿನ ಚಕ್ರ

ನಾನು ಸರಿಯಾಗಿಯೇ ಕಟ್ಟಿದ್ದೆನಲ್ಲ?

ಮಿಲಿಟರಿ ಹರಾಜಿನಲ್ಲಿ ತಂದ ಹಳೆಯ ಜೀಪು. ನಿನ್ನೆಯಿಡೀ ಅದರ ಮುಂದಿನ ಆಕ್ಸಲ್ ಬಿಚ್ಚಿ ತೊಳೆದಿದ್ದೆ. ಹೊಸ ಬೇರಿಂಗು. ಹೊಸ ಸೀಲು. ಮತ್ತೆ ಈ ಎಡಗಡೆಯ ಚಕ್ರ ಯಾಕೆ ಹೀಗೆ ಕಿರುಚುತ್ತಿದೆ? ನಟ್ಟು ಬಿಗಿಯಾಯಿತೆ?

ಹಿಂದೆ ಕಪ್ಪು ಅಂಬಾಸಡರ್. ಹತ್ತಿರವಾಗುತ್ತಿತ್ತು!

"ಸಂಪತ್ತಣ್ಣ, ಬಂದ್ರು ಕಣಣ್ಣ!" ಎಂದಳು ಹೊಂಬಾಳಮ್ಮ.

ಅವಳ ಗಂಡನನ್ನು ಆಲೆಮನೆಯಲ್ಲಿ ಪುಟ್ಟಸ್ವಾಮಿ ಕೊಂದಿದ್ದ. ನೋಡಿದವಳು ಇವಳೊಬ್ಬಳೇ. ಹೆದರಿ ಎರಡು ವಾಯಿದೆ ತಪ್ಪಿಸಿಕೊಂಡಿದ್ದಳು. ಇದು ಕೊನೆಯದು. ಹನ್ನೊಂದಕ್ಕೆ ಮಂಡ್ಯ ಕೋರ್ಟಿನಲ್ಲಿ ಅವಳು ನಿಲ್ಲದಿದ್ದರೆ ಅವನಿಗೆ ಬಿಡುಗಡೆ. ಅದಕ್ಕೇ ಅವನ ಜನ ಬೆನ್ನು ಹತ್ತಿದ್ದರು. ವಕೀಲರಿಗೆ ಸಾಕ್ಷಿಗಳನ್ನು ತಂದು ಮುಟ್ಟಿಸುವುದು ನನ್ನ ಕಸುಬು. ಬಿ.ಎ. ಓದಿದ್ದಕ್ಕೆ ಸಿಕ್ಕಿದ್ದು ಅದೇ.

ಮಳವಳ್ಳಿ ರಸ್ತೆ ಬಿಟ್ಟು ಕಬ್ಬಿನ ಗದ್ದೆಯ ಓಣಿಗೆ ತಿರುಗಿಸಿದೆ. ಅಂಬಾಸಡರ್ ಮುಂದಕ್ಕೆ ಹಾರಿಹೋಯಿತು.

ಚಕ್ರದಿಂದ ಹೊಗೆ!

ಅವಳನ್ನೂ ಅವಳ ಅಪ್ಪ ಮಾದಯ್ಯನನ್ನೂ ಕಬ್ಬಿನೊಳಗೆ ಕಳಿಸಿದೆ. ಜಾಕ್ ಕೊಟ್ಟು ಚಕ್ರ ಬಿಚ್ಚಿದೆ. ಅಂಗೈ ಸುಟ್ಟಿತು. ಒಳಗೆ ಗ್ರೀಸಿಲ್ಲ... ಕರಿಯ ನೀರಿನಂಥದು. ನಡುವೆ ಹುಲ್ಲಿನ ಚೂರು. ಹರಳೆಣ್ಣೆಯ ವಾಸನೆ.

ಕೀಲೆಣ್ಣೆ! ಎತ್ತಿನ ಗಾಡಿಯ ಅಚ್ಚಿಗೆ ಹಾಕುವುದು!

ನಿನ್ನೆ ಬಲಗಡೆಗೇ ಗ್ರೀಸು ಮುಗಿದಿತ್ತು. ತರಲು ಮಳವಳ್ಳಿಗೆ ಹೋಗಿದ್ದೆ. ಬರುವಷ್ಟರಲ್ಲಿ ಎಡಗಡೆ ಮುಚ್ಚಿತ್ತು. "ನಾನೇ ತುಂಬಿವ್ನಿ ಸ್ವಾಮಿ," ಎಂದಿದ್ದ ಮಾದಯ್ಯ. ಡಬ್ಬದ ತಳ ಕೆರೆದಿರಬೇಕು ಎಂದುಕೊಂಡಿದ್ದೆ.

ಕಬ್ಬಿನೊಳಗಿಂದ ಅವನ ದನಿ. "ಏನಾಗದೆ ಸ್ವಾಮಿ? ಎಣ್ಣೆ ಸಾಕಾಗ್ನಿಲ್ವಾ? ಉಲ್ಲು ಸುಟ್ಟು, ಮಸಿ ಅರ್ದು, ಚಂದಾಗಿ ಕಲ್ಸಿದ್ದೆ!"

"ಸುಮ್ನಿರು ಮಾರಾಯ!"

ಹುಲ್ಲಿನ ಬೂದಿ ಬೇರಿಂಗನ್ನು ಮರಳಿನಂತೆ ತಿಂದಿತ್ತು. ಪೆಟ್ರೋಲಿನಲ್ಲಿ ತೊಳೆದೆ. ನಿನ್ನೆ ತಂದ ಗ್ರೀಸು ತುಂಬಿದೆ. ಗೀರು ಬಿದ್ದ ಬೇರಿಂಗು... ಎಷ್ಟು ದೂರ ಬಂದೀತು?

ಚಕ್ರ ಬಿಗಿದು ತಲೆಯೆತ್ತಿದರೆ ಶಿವಯ್ಯ. ಪುಟ್ಟಸ್ವಾಮಿಯ ಭಾವಮೈದ. ಕಾರನ್ನು ರಸ್ತೆಯಲ್ಲೇ ಬಿಟ್ಟು ಒಬ್ಬನೇ ಹುಡುಕುತ್ತ ಬಂದಿದ್ದ. ಕೈಯಲ್ಲಿ ಮಚ್ಚು.

"ಏನ್ಲಾ ಸಂಪತ್ತು! ಬಿಯ್ಯೆ ಓದಿ ಚಕ್ರ ಒರಸ್ತಾ ಕುಂತಿದ್ದೀಯಲ್ಲ! ಎಲ್ಲಿ ಅವ್ಳು?"

"ಬಸ್ ಹತ್ತಿಸ್ದೆ."

"ಯಾವ್ ಬಸ್ಲಾ?"

ಒಂದು ಹಿಡಿ ಗ್ರೀಸು ಅವನ ಕಣ್ಣಿಗೆ. ಜಾಕಿನ ರಾಡು ಮಣಿಕಟ್ಟಿಗೆ. ಮಚ್ಚು ಬಿತ್ತು!

"ಹತ್ತಿ!" ಎಂದು ಕಬ್ಬಿನತ್ತ ಕೂಗಿದೆ.

ಮದ್ದೂರಿನ ಸೇತುವೆಯ ಮೇಲೆ ಅವರ ಜನ ಕಾದಿದ್ದರು. ವೈದ್ಯನಾಥಪುರದ ಬಳಿ ಜೀಪನ್ನು ಶಿಂಷಾ ಹೊಳೆಗೇ ಇಳಿಸಿದೆ. ಮುಂದಿನ ಚಕ್ರಗಳಿಗೂ ಗೇರು ಹಾಕಿದೆ. ನಾಲ್ಕೂ ಚಕ್ರ ಎಳೆದವು. ಅರ್ಧ ಹೊಳೆ ದಾಟಿತು...

ಕಟ್!

ಎಡಗಡೆಯ ಚಕ್ರ ಕಚ್ಚಿಕೊಂಡಿತು. ಜೀಪು ಮತ್ತೆ ಅಲುಗಲಿಲ್ಲ. ಚಕ್ರಕ್ಕೆ ಒದ್ದೆ. ಬೈದೆ. ಸ್ಟೇರಿಂಗಿಗೆ ತಲೆ ಚಚ್ಚಿಕೊಂಡೆ.

ಸೊಂಟದ ನೀರಿನಲ್ಲಿ ನಡೆದೆವು. ಒದ್ದೆ ಬಟ್ಟೆಯಲ್ಲೇ ಬಸ್ಸು ಹಿಡಿದೆವು. ಮಂಡ್ಯ ಮುಟ್ಟಿದಾಗ ಮಧ್ಯಾಹ್ನ. ಸಾಕ್ಷಿಯಿಲ್ಲವೆಂದು ಕೇಸು ಮುಗಿದಿತ್ತು. ಕೋರ್ಟಿನ ಜಗಲಿಯಲ್ಲಿ ಪುಟ್ಟಸ್ವಾಮಿ ಎಲೆ ಅಡಿಕೆ ಜಗಿಯುತ್ತಿದ್ದ.

"ಒತ್ತಾಯ್ತಲ್ಲವ್ವಾ," ಎಂದ, ನಕ್ಕು.

ಹೊಂಬಾಳಮ್ಮ ಸೆರಗು ಹಿಂಡುತ್ತ ನಿಂತಳು.

ಮಾದಯ್ಯ ನನ್ನ ತೋಳು ಹಿಡಿದ. "ಅಂಗ್ಯಾಕ್ ಕಚ್ಕೊಂತು ಸ್ವಾಮಿ, ಚಕ್ರ?"

"ಬೇರಿಂಗು ಸರಿಯಿರಲಿಲ್ಲ ಮಾದಯ್ಯ. ಮೋಸದ ಮಾಲು."

"ಅಂಗನ್ನಿ! ಅಂಗಡಿಯೋನ್ ಮನೆ ಆಳಾಗ! ನಾ ಎಣ್ಣೆ ಆಕಿದ್ಕೇ ಅಷ್ಟ್ ದೂರ ಬಂತು ಬುಡಿ."

ತಲೆಯಾಡಿಸಿದೆ. ಮಗಳ ಸಾಕ್ಷಿಯನ್ನು ಸುಟ್ಟದ್ದು ಅವನ ಕೀಲೆಣ್ಣೆ ಎಂದು ನಾನು ಅವನಿಗೆ ಎಂದೂ ಹೇಳಲಿಲ್ಲ.