ಬೂದಿ ಮಲಗಿದ ಸೀರೆ

ತೊಂಬತ್ತೇಳನೇ ಇಸವಿಯ ಮಾಘ ಮಾಸ, ಬೆಳಗಿನ ಐದು ಗಂಟೆ. ಭದ್ರಾವತಿಯ ನ್ಯೂ ಟೌನಿನಲ್ಲಿ ಚಳಿ ಇನ್ನೂ ಬಿಟ್ಟಿರಲಿಲ್ಲ.

ಹಾಲಿಗೆ ಹೊರಟ ವೇದಾ ಪಕ್ಕದ ಕ್ವಾರ್ಟರ್ಸಿನ ಮುಂದೆ ನಿಂತುಬಿಟ್ಟಳು. ಕೈ ಮುರಿದುಕೊಂಡ ಸೋದರತ್ತೆ ಕಲ್ಲಮ್ಮನಿಗೆ ಅಡುಗೆ ಮಾಡಿಹಾಕಲು ಅವಳು ಕುಂಸಿಯಿಂದ ಬಂದು ನಾಲ್ಕು ದಿನ. ನಾಲ್ಕು ರಾತ್ರಿಯೂ ಈ ಮನೆಯೊಳಗಿಂದ ಬೆಕ್ಕಿನ ಗೋಳು!

ಹೊಸಿಲ ಮೇಲೆ ಕೆಂಗಣ್ಣಿನ ಯುವಕನೊಬ್ಬ ತಲೆ ಹಿಡಿದು ಕೂತಿದ್ದ.

"ರೀ! ಆ ಮೂಕಪ್ರಾಣಿನ ಕೂಡಿಹಾಕಿ ಕೊಲ್ತೀರೇನ್ರೀ?"

"ಅದೇ ನನ್ನ ಕೊಲ್ತಾ ಇದೆ ಕಣ್ರೀ!"

ಅವನು ಜ್ಞಾನೇಶ. ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಎಂಬ ಭಾರಿ ಬಾನಿಯನ್ನು ಜನರ ತಲೆಯ ಮೇಲಿಂದ ಸಾಗಿಸುವ ಕೆಲಸ. ಶಿವಮೊಗ್ಗದ ರಾಗಿಗುಡ್ಡದ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದಾಗಿನಿಂದ ಬೂದಿ ಎಂಬ ಅವನ ಬೆಕ್ಕು ಮಲಗಿಲ್ಲ, ಅವನೂ ಮಲಗಿಲ್ಲ. ಕ್ರೇನಿನಲ್ಲಿ ಒಮ್ಮೆ ತೂಕಡಿಸಿ ಮೇಸ್ತ್ರಿ ಶೇಷಪ್ಪನ ಕಣ್ಣಿಗೆ ಬಿದ್ದಿದ್ದ. ಇನ್ನೊಮ್ಮೆ ಹಾಗಾದರೆ ಆ ಕೆಲಸ ಹೋದ ಹಾಗೇ.

"ಬೆಕ್ಕನ್ನ ಹೆಂಗೆ ತಂದ್ರಿ?"

"ಸ್ಕೂಟರ್ ಮುಂದೆ, ಬುಟ್ಟೀಲಿ ಕೂರಿಸ್ಕೊಂಡು."

"ಅಯ್ಯೋ ಮಾರಾಯ್ರೇ! ಗೋಣಿಚೀಲದಲ್ಲಿ ಕಟ್ಟಿ ತರೋದಲ್ವಾ? ದಾರಿ ಪೂರ್ತಿ ನೋಡ್ಕೊಂಡಿದೆ. ವಾಪಸ್ ಹೋಗ್ತೀನಿ ಅಂತ ಹಟ ಹಿಡಿದಿದೆ!"

ಅಷ್ಟು ದಣಿವಿನಲ್ಲೂ ಅವನು ನಕ್ಕ. ವೇದಾಳ ಎದೆಯಲ್ಲಿ ಏನೋ ಜಾರಿತು...

"ಹಳೇ ಮನೇಲಿ ಯಾವ ಬಟ್ಟೆ ಮೇಲೆ ಮಲಗ್ತಿತ್ತೋ ಅದನ್ನ ತನ್ನಿ. ತೊಳೆದಿರಬಾರದು."

ಭಾನುವಾರ ಅವನು ತಂದದ್ದು ನೇರಳೆ ಬಣ್ಣದ ಹಳೆಯ ಸೀರೆ.

"ಯಾರದು?"

"ಪೂಜಿತಾದು. ಮನೆ ಓನರ್ ಮಗಳು. ನಾನು ಶಿಫ್ಟಿಗೆ ಹೋದಾಗ ಅವಳೇ ಇದಕ್ಕೆ ಅನ್ನ ಹಾಕ್ತಿದ್ಲು."

ಆ ರಾತ್ರಿ ಬೂದಿ ಮಲಗಿತು. ಜ್ಞಾನೇಶನೂ ಮಲಗಿದ. ನಿದ್ದೆ ಬಾರದೆ ಹೊರಳಾಡಿದ್ದು ಪಕ್ಕದ ಮನೆಯ ವೇದಾ!

ಮೂರು ವಾರ ಹಾಗೇ ಕಳೆಯಿತು. ಅವನು ಪಾಳಿಗೆ ಹೋದಾಗ ಬೂದಿಗೆ ಹಾಲನ್ನ ಹಾಕಲು ಕೀಲಿ ಈಗ ಅವಳ ಕೈಯಲ್ಲಿತ್ತು. ಬಾಗಿಲು ತೆರೆದರೆ ಮೊದಲು ಕಾಣುತ್ತಿದ್ದದ್ದು ಅವನ ಮಂಚದ ಕಾಲ ಬಳಿ ಆ ನೇರಳೆ ಸೀರೆ.

'ಬೇರೆ ಯಾರೂ ಅಲ್ಲ... ತರಿಸಿದವಳು ನಾನೇ!'

"ಯಾಕೆ ಮಾರಾಯ್ತಿ, ಮುಖ ಹುಳಿಮಜ್ಜಿಗೆ ಆಗಿದೆ?" ಎಂದು ಕಲ್ಲಮ್ಮ ಕೆಣಕಿದಳು. "ಬೆಕ್ಕೇನಾದ್ರೂ ಬೈತಾ?"

ಬುಧವಾರ ಮಧ್ಯಾಹ್ನ ವೇದಾ ಆ ಸೀರೆಯನ್ನು ಬಚ್ಚಲಿಗೆ ಒಯ್ದು, ಸೋಪು ಹಚ್ಚಿ, ಕಲ್ಲಿಗೆ ಬಡಿದು ಬಡಿದು ಒಗೆದಳು. ಕೈ ಕೆಂಪಾದರೂ ನಿಲ್ಲಿಸಲಿಲ್ಲ.

ಆ ರಾತ್ರಿ ಗೋಳು ಮತ್ತೆ ಶುರುವಾಯಿತು. ಮರುದಿನವೂ ಅದೇ.

ಶುಕ್ರವಾರ ಕ್ರೇನಿನಲ್ಲಿ ಜ್ಞಾನೇಶನ ಕಣ್ಣು ಒಂದು ಗಳಿಗೆ ಮುಚ್ಚಿತು. ಲ್ಯಾಡಲ್ ಓಲಾಡಿ ಕಂಬಕ್ಕೆ ತಾಗಿತು. ದೇವರ ದಯೆ, ಕೆಳಗೆ ಯಾರೂ ಇರಲಿಲ್ಲ. "ಸೋಮವಾರದ ತನಕ ಮನೇಲಿ ಬಿದ್ಕೊ. ಆಗಲೂ ಕಣ್ಣು ತಿಳಿಯಾಗಿಲ್ಲ ಅಂದ್ರೆ ಕ್ರೇನ್ ಮರೆತುಬಿಡು!" ಎಂದ ಶೇಷಪ್ಪ.

ಸಂಜೆ ಜ್ಞಾನೇಶ ಅದನ್ನು ವೇದಾಳಿಗೆ ಹೇಳಿದ.

"ನಾಳೆ ರಾಗಿಗುಡ್ಡಕ್ಕೆ ಹೋಗ್ತೀನಿ. ಪೂಜಿತಾ ಹತ್ರ ಇನ್ನೊಂದು ಸೀರೆ ಕೇಳ್ತೀನಿ."

"ಬೇಡ!"

ಅವಳ ಕೂಗಿಗೆ ಬೂದಿಯೂ ಬೆಚ್ಚಿತು.

"ಸೀರೆ ಒಗೆದು ಕೆಡಿಸಿದ್ದು ನಾನು..."

"ಗೊತ್ತು, ತಂತಿ ಮೇಲೆ ನೋಡಿದೆ. ಕೊಳೆ ಆಗಿದೆ ಅಂತ ಒಗೆದಿರಿ, ಅದಕ್ಕೇನು..."

"ಕೊಳೆ ಅಂತ ಅಲ್ಲ! ಅವಳದು ಅಂತ! ವಾಸನೆ ಹೋದ್ರೆ ಬೆಕ್ಕು ಮಲಗಲ್ಲ ಅಂತ ಗೊತ್ತಿದ್ದೇ ಒಗೆದೆ. ನಿಮ್ಮ ಜೀವಕ್ಕೇ ಕುತ್ತು ತಂದೆ..."

ಕಣ್ಣೀರು ಧಾರೆಯಾಗಿ ಇಳಿಯಿತು. ಜ್ಞಾನೇಶ ಅವಳ ಎದುರು ಬಂದು ನಿಂತ.

"ಎರಡು ವರ್ಷದ ಹಿಂದೆ ಪೂಜಿತಾನ ಕೇಳಿದ್ದೆ, ಮದುವೆ ಆಗ್ತೀಯಾ ಅಂತ. ಒಲ್ಲೆ ಅಂದ್ಲು."

ಅವಳು ತಲೆ ಎತ್ತಿದಳು. "ಈಗ?"

"ಈಗ ಆ ಸೀರೆ ಬೂದಿಗೆ ಬೇಕಿತ್ತು, ವೇದಾ. ನನಗಲ್ಲ. ನಾನು ಮಲಗ್ತಿದ್ದಿದ್ದು ಬೆಳಗಾದ್ರೆ ನೀನು ಹಾಲಿಗೆ ಬರ್ತೀಯ ಅಂತ."

ವೇದಾ ಓಡಿಹೋಗಿ, ದಿನಾ ಅಡುಗೆ ಮಾಡುವಾಗ ಉಡುತ್ತಿದ್ದ ತನ್ನ ಹಸಿರು ಸೀರೆ ತಂದು ಮಂಚದ ಬಳಿ ಹಾಸಿದಳು. ಮೂರು ವಾರದಿಂದ ಅನ್ನ ಹಾಕಿದ ಕೈಯ ವಾಸನೆ ಅದರಲ್ಲಿತ್ತು. ಬೂದಿ ಮೂಸಿತು. ಎರಡು ಸುತ್ತು ಸುತ್ತಿತು. ಬಾಲ ಮಡಚಿ ಮಲಗೇಬಿಟ್ಟಿತು!

ಸೋಮವಾರ ಬೆಳಿಗ್ಗೆ ಶೇಷಪ್ಪ ಜ್ಞಾನೇಶನ ರೆಪ್ಪೆ ಎತ್ತಿ ನೋಡಿ, ಕ್ರೇನಿನ ಏಣಿಯತ್ತ ಕೈ ತೋರಿಸಿದ.

ಕಲ್ಲಮ್ಮನ ಕೈಯ ಪಟ್ಟಿ ಬಿಚ್ಚಿಯಾಗಿತ್ತು. ಅದೇ ದಿನ ವೇದಾಳ ಅಪ್ಪ ಕರೆದೊಯ್ಯಲು ಬಂದ. ಪಾಳಿ ಮುಗಿಸಿ ಬಸ್‌ ಸ್ಟ್ಯಾಂಡಿಗೆ ಓಡಿಬಂದ ಜ್ಞಾನೇಶ ಅವಳು ಕೂತಿದ್ದ ಬಸ್ಸಿನ ಕಿಟಕಿಯ ಕೆಳಗೆ ನಿಂತ. ಅಪ್ಪ ಅತ್ತ ಬಾಳೆಹಣ್ಣು ಕೊಳ್ಳುತ್ತಿದ್ದ.

"ಸೀರೆ ವಾಸನೆ ಎಷ್ಟು ದಿನ ಇರುತ್ತೆ?"

"ಒಂದು ತಿಂಗಳು... ಒಗೀಬೇಡಿ ಮತ್ತೆ!"

"ಒಗೆಯೋ ಚಾಳಿ ನಿನ್ನದು, ನನ್ನದಲ್ಲ. ಅಷ್ಟರೊಳಗೆ ನಿಮ್ಮಪ್ಪನ್ನ ಕೇಳೋಕೆ ಬರ್ತೀನಿ."

"ಪೂಜಿತಾ ತರ ನಾನೂ ಒಲ್ಲೆ ಅಂದ್ರೆ?"

"ಅಂತೀಯಾ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತಲೆಯಾಡಿಸಿದಳು, ಇಲ್ಲ ಎಂದು.

ವೇದಾ ಹೋದದ್ದು ಸೋಮವಾರ. ತಿಂಗಳು ಕಾಯುವ ತಾಳ್ಮೆ ಅವನಿಗೆಲ್ಲಿತ್ತು! ಬೂದಿಯನ್ನು ಕಲ್ಲಮ್ಮನಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜ್ಞಾನೇಶ ಕುಂಸಿಗೆ ಹೊರಟದ್ದು ಅದೇ ವಾರದ ಗುರುವಾರ.